ಕಡಿಮೆ ಬೆಲೆಯ ಚೈನು, ಫ್ರೀವೀಲ್, ಡಿರೇಲರ್: ಕೊಂಡು, ಹಾಕಿ, ಪರೀಕ್ಷಿಸುವ ಕ್ರಮ

ಗೇರ್ ಸೈಕಲ್‌ನ ಚೈನು ಹಾರುತ್ತಿದೆ ಎಂದು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಪೂರ್ತಿ ಸೆಟ್ ಬದಲಾಯಿಸಿಬಿಡಿ’. ಇನ್ನೊಂದು, ‘ಸ್ವಲ್ಪ ಎಣ್ಣೆ ಬಿಡಿ, ಓಡುತ್ತೆ’. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ, ಎರಡನೆಯದರಲ್ಲಿ ತೊಂದರೆ ಹಾಗೇ ಉಳಿಯುತ್ತದೆ. ಹಿಂದೆ 6, 7 ಅಥವಾ 8 ಗೇರು ಇರುವ ಸಾಮಾನ್ಯ ಸೈಕಲ್ ಆಗಿದ್ದರೆ ಕಡಿಮೆ ಬೆಲೆಯ ಬಿಡಿಭಾಗ ಹಾಕಿಯೇ ಚೆನ್ನಾಗಿ ಓಡಿಸಬಹುದು. ಆದರೆ ಅಗ್ಗದ ಸಾಮಾನನ್ನು ಕಣ್ಣುಮುಚ್ಚಿ ಹಾಕುವಂತಿಲ್ಲ. ಮೊದಲು ಅಳೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಾಕಿದ ಮೇಲೆ ಭಾರ ಕೊಟ್ಟು ನೋಡಬೇಕು. ಈ ಮೂರನ್ನು ಬಿಟ್ಟರೆ ಯಾವುದು ಕೆಟ್ಟಿತ್ತು, ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಹಂತ 1: ನಿಮ್ಮ ಸೈಕಲ್‌ನಲ್ಲಿ ಏನಿದೆ ಎಂದು ತಿಳಿಯಿರಿ

ಹಿಂದಿನ ಚಕ್ರದ ಸ್ಪ್ರಾಕೆಟ್‌ಗಳನ್ನು, ಅಂದರೆ ಚೈನು ಕೂರುವ ಹಲ್ಲಿನ ಬಿಲ್ಲೆಗಳನ್ನು, ಎಣಿಸಿ. ‘21 ಗೇರ್ ಸೈಕಲ್’ ಅಂದರೆ ಮುಂದೆ 3, ಹಿಂದೆ 7. ಬಿಡಿಭಾಗ ಕೊಳ್ಳುವಾಗ ಬೇಕಾಗುವುದು ಹಿಂದಿನ ಸಂಖ್ಯೆ. 21 ಎಂದು ಹೇಳಿದರೆ ಸಾಲದು.

ಆಮೇಲೆ, ಈ ಸ್ಪ್ರಾಕೆಟ್‌ಗಳ ಗುಂಪು ಫ್ರೀವೀಲೋ ಕ್ಯಾಸೆಟ್ಟೋ ನೋಡಿ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಆದರೆ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಚಕ್ರ ಬಿಚ್ಚಿ, ಸ್ಪ್ರಾಕೆಟ್‌ಗಳನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ನಡುವೆ ಟೂಲ್ ಕೂರುವ ಕಚ್ಚು ಇರುತ್ತದಲ್ಲ, ಅದೂ ಜೊತೆಗೇ ತಿರುಗಿದರೆ ಕ್ಯಾಸೆಟ್. ಅದು ನಿಂತೇ ಇದ್ದು ಹಲ್ಲುಗಳು ಮಾತ್ರ ತಿರುಗಿದರೆ ಫ್ರೀವೀಲ್. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ 7 ಗೇರಿನ ಸೈಕಲ್‌ಗಳಲ್ಲಿ ಹೆಚ್ಚಾಗಿ ಫ್ರೀವೀಲ್ ಇರುತ್ತದೆ.

ಮೂರನೆಯದು, ಡಿರೇಲರ್ (ಚೈನನ್ನು ಒಂದು ಸ್ಪ್ರಾಕೆಟ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹೇಗೆ ಕೂತಿದೆ ಎನ್ನುವುದು. ಫ್ರೇಮಿಗೇ ಸೇರಿದ ಹ್ಯಾಂಗರ್ ಎಂಬ ತುಂಡಿಗೆ ಒಂದೇ ಬೋಲ್ಟಿನಲ್ಲಿ ಕೂತಿರಬಹುದು. ಇಲ್ಲವೇ ಚಕ್ರದ ಆಕ್ಸಲ್ ಹಿಡಿಯುವ ಜಾಗದಲ್ಲೇ ಒಂದು ಕಬ್ಬಿಣದ ಪಟ್ಟಿಯ ಮೂಲಕ ಕೂತಿರಬಹುದು. ಎರಡು ನಮೂನೆಯ ಡಿರೇಲರ್‌ಗಳೂ ಮಾರಾಟಕ್ಕಿವೆ. ಫೋಟೊ ತೆಗೆದುಕೊಂಡು ಹೋದರೆ ತಪ್ಪು ಸಾಮಾನು ತರುವುದು ತಪ್ಪುತ್ತದೆ.

ಹಂತ 2: ಚೈನನ್ನು ಅಳೆಯಿರಿ

ಇಡೀ ಕೆಲಸದ ಬುನಾದಿ ಇದು. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ದುಬಾರಿ ಚೈನಿರಲಿ, ಅಗ್ಗದ್ದಿರಲಿ, ಈ ಅಳತೆ ಒಂದೇ. ಹಾಗಾಗಿ 24 ಲಿಂಕುಗಳ ಉದ್ದ ಸರಿಯಾಗಿ 12 ಇಂಚು ಇರಬೇಕು, ಅಂದರೆ 304.8 ಮಿ.ಮೀ.

ಚೈನು ‘ಎಳೆದು ಉದ್ದ’ ಆಗುತ್ತದೆ ಎನ್ನುವುದು ರೂಢಿಯ ಮಾತು. ನಿಜವಾಗಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಪಿನ್ನು ಮತ್ತು ಅದು ಕೂರುವ ತೂತು ಮರಳು, ಧೂಳಿನಿಂದ ಸವೆಯುತ್ತವೆ. ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸಡಿಲ ಬರುತ್ತದೆ. ಎಲ್ಲ ಕೂಡಿದಾಗ ಚೈನು ಉದ್ದವಾಗುತ್ತದೆ. ಉದ್ದವಾದ ಚೈನು ಸ್ಪ್ರಾಕೆಟ್‌ನ ಹಲ್ಲನ್ನೂ ತನ್ನ ಅಳತೆಗೇ ಸವೆಸುತ್ತದೆ. ಆಗ ಹಳೆಯ ಚೈನು, ಹಳೆಯ ಸ್ಪ್ರಾಕೆಟ್ ಎರಡೂ ಹೊಂದಿಕೊಂಡು ಸದ್ದಿಲ್ಲದೆ ಓಡುತ್ತಿರುತ್ತವೆ. ಹೊಸ ಚೈನು ಹಾಕಿದ ದಿನವೇ ಅದು ಹಾರತೊಡಗುತ್ತದೆ. ‘ಅಗ್ಗದ ಚೈನು, ಅದಕ್ಕೇ ಹಾರುತ್ತಿದೆ’ ಎಂದು ಜನ ಚೈನನ್ನು ಬೈಯುತ್ತಾರೆ. ಅಲ್ಲಿ ಕೆಟ್ಟಿರುವುದು ಚೈನಲ್ಲ, ಫ್ರೀವೀಲ್.

ಅಳೆಯುವುದು ಸುಲಭ. ಇಂಚಿನ ಗುರುತು ಇರುವ ಸ್ಟೀಲ್ ಸ್ಕೇಲ್ ಸಾಕು. ಪೆಡಲ್ ಮೇಲೆ ಸ್ವಲ್ಪ ಒತ್ತಡ ಕೊಟ್ಟು ಮೇಲಿನ ಚೈನನ್ನು ಬಿಗಿ ಮಾಡಿ. ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಹಿಡಿಯಿರಿ. 24 ಲಿಂಕು ದಾಟಿದ ಮೇಲಿನ ಪಿನ್ನು 12 ಇಂಚಿನ ಗೆರೆಯ ಮೇಲೇ ಇದ್ದರೆ ಚೈನು ಚೆನ್ನಾಗಿದೆ. ಗೆರೆ ದಾಟಿ ಸುಮಾರು 1.5 ಮಿ.ಮೀ. ಮುಂದೆ ಹೋಗಿದ್ದರೆ ಸವೆತ ಶೇ. 0.5. ಆಗ ಚೈನು ಮಾತ್ರ ಬದಲಿಸಿದರೆ ಬಹುತೇಕ ಸಾಕು. ಸುಮಾರು 3 ಮಿ.ಮೀ. ದಾಟಿದ್ದರೆ ಸವೆತ ಶೇ. 1. ಆಗ ಫ್ರೀವೀಲ್ ಕೂಡ ಹೋಗಿದೆ ಎಂದೇ ತಿಳಿಯಿರಿ. 7, 8 ಗೇರಿನ ದಪ್ಪ ಚೈನುಗಳು ಶೇ. 0.75ರ ತನಕ ಸಹಿಸಿಕೊಳ್ಳುತ್ತವೆ. 11, 12 ಗೇರಿನ ತೆಳು ಚೈನುಗಳನ್ನು ಮಾತ್ರ 0.5ಕ್ಕೇ ತೆಗೆಯಬೇಕು.

ಹಂತ 3: ಕೊಳ್ಳುವ ಮೊದಲು ಕೇಬಲ್ ಮತ್ತು ಹ್ಯಾಂಗರ್ ನೋಡಿ

ಗೇರು ಸರಿಯಾಗಿ ಬೀಳುತ್ತಿಲ್ಲ ಎಂದ ಕೂಡಲೇ ಹೊಸ ಡಿರೇಲರ್ ತರುವವರು ಜಾಸ್ತಿ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಕೇಬಲ್‌ನಲ್ಲಿರುತ್ತದೆ, ಇಲ್ಲವೇ ಸೊಟ್ಟಗಾದ ಹ್ಯಾಂಗರ್‌ನಲ್ಲಿ.

ಹ್ಯಾಂಡಲ್ ಮೇಲಿನ ಶಿಫ್ಟರ್‌ನಲ್ಲಿ ಗೇರು ಬದಲಿಸಿ ನೋಡಿ. ದೊಡ್ಡ ಸ್ಪ್ರಾಕೆಟ್‌ಗೆ ಏರುತ್ತದೆ, ಆದರೆ ಚಿಕ್ಕದಕ್ಕೆ ಇಳಿಯಲು ತಡ ಮಾಡುತ್ತದೆ ಅಂದರೆ ಔಟರ್ (ಕೇಬಲ್ ತಂತಿಯ ಹೊರಕೊಳವೆ) ಒಳಗೆ ಕೊಳೆ ಅಥವಾ ತುಕ್ಕು ಇದೆ. ಡಿರೇಲರ್‌ನ ಸ್ಪ್ರಿಂಗ್‌ಗೆ ಕೇಬಲನ್ನು ಎಳೆದುಕೊಳ್ಳಲು ಆಗುತ್ತಿಲ್ಲ. ಮಲೆನಾಡಿನಲ್ಲಿ ಒಂದು ಮಳೆಗಾಲ ಓಡಿದ ಸೈಕಲ್‌ಗೆ, ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ನಿಲ್ಲುವ ಸೈಕಲ್‌ಗೆ ಇದು ತಪ್ಪಿದ್ದಲ್ಲ. ಒಳಗಿನ ತಂತಿ, ಔಟರ್ ಎರಡನ್ನೂ ಒಟ್ಟಿಗೆ ಬದಲಿಸಿ. ಗೇರ್ ತಂತಿ 1.2 ಮಿ.ಮೀ. ದಪ್ಪ, ಗೇರ್ ಔಟರ್ ಸಾಮಾನ್ಯವಾಗಿ 4 ಮಿ.ಮೀ. ಅಂಗಡಿಯಲ್ಲಿ ‘ಎಲ್ಲಾ ಒಂದೇ’ ಎಂದು 5 ಮಿ.ಮೀ. ಬ್ರೇಕ್ ಔಟರ್ ಕೊಟ್ಟರೆ ಬೇಡ ಎನ್ನಿ. ಬ್ರೇಕ್ ಔಟರ್ ಒಳಗಿನ ಕಬ್ಬಿಣ ಸುರುಳಿಯಾಗಿ ಸುತ್ತಿರುತ್ತದೆ, ಒತ್ತಿದರೆ ಸ್ವಲ್ಪ ಕುಗ್ಗುತ್ತದೆ. ಗೇರ್ ಔಟರ್‌ನಲ್ಲಿ ಎಳೆಗಳು ಉದ್ದಕ್ಕೂ ಇರುವುದರಿಂದ ಅಷ್ಟು ಕುಗ್ಗುವುದಿಲ್ಲ. ಕ್ಲಿಕ್ ಕ್ಲಿಕ್ ಎಂದು ಬೀಳುವ ಗೇರಿಗೆ ಇದೇ ಬೇಕು. ಆದರೆ ಗೇರ್ ಔಟರನ್ನು ಎಂದಿಗೂ ಬ್ರೇಕಿಗೆ ಹಾಕಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಅದು ಒಡೆದುಹೋಗಬಹುದು.

ಹ್ಯಾಂಗರ್ ನೋಡಲು ಸೈಕಲ್ ಹಿಂದೆ ಕುಳಿತು ನೇರವಾಗಿ ದಿಟ್ಟಿಸಿ. ಮೇಲಿನ ಸ್ಪ್ರಾಕೆಟ್, ಕೆಳಗೆ ಡಿರೇಲರ್‌ನಲ್ಲಿರುವ ಎರಡು ಪುಟ್ಟ ಹಲ್ಲಿನ ಚಕ್ರಗಳು (ಜಾಕಿ ವೀಲ್‌ಗಳು) ಒಂದೇ ನೇರ ಗೆರೆಯಲ್ಲಿರಬೇಕು. ಕೆಳಗಿನ ವೀಲ್ ಚಕ್ರದ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಗ್ಗಿದೆ. ಸೈಕಲ್ ಬಲಗಡೆಗೆ ಬಿದ್ದಿದ್ದರೆ ಹೀಗಾಗುತ್ತದೆ. ಇದಕ್ಕೆ ಎಷ್ಟು ದುಬಾರಿ ಡಿರೇಲರ್ ಹಾಕಿದರೂ ಪ್ರಯೋಜನವಿಲ್ಲ. ಮೊದಲು ಹ್ಯಾಂಗರನ್ನು ಮೆಕ್ಯಾನಿಕ್ ಹತ್ತಿರ ನೇರ ಮಾಡಿಸಿ. ಬಿಚ್ಚಿ ತೆಗೆಯುವಂಥದ್ದಾದರೆ ಹೊಸದು ಹಾಕಿ.

ಹಂತ 4: ಏನು ಕೊಳ್ಳಬೇಕು, ಎಲ್ಲಿ ಉಳಿಸಬಾರದು

ಚೈನು: 6, 7, 8 ಗೇರಿಗೆ ಒಂದೇ ಚೈನು ಬರುತ್ತದೆ. ಹೊರ ಅಗಲ ಸುಮಾರು 7.1ರಿಂದ 7.3 ಮಿ.ಮೀ. ತೈವಾನಿನ ಕೆಎಂಸಿ, ಜಪಾನಿನ ಶಿಮಾನೊ ಕಂಪನಿಗಳ ಕೆಳಹಂತದ ಚೈನುಗಳೇ ಸಾಕಷ್ಟು ಚೆನ್ನಾಗಿವೆ. ಒಂದೇ ಗೇರಿನ ಹಳೆಯ ಸೈಕಲ್‌ನ ಚೈನು ಇಲ್ಲಿಗೆ ಆಗದು, ಅದು ಇನ್ನೂ ಅಗಲ. ಕರಾವಳಿಯಲ್ಲಿ ಇರುವವರು ತುಕ್ಕು ತಡೆಯುವ ಲೇಪನದ ಚೈನಿಗೆ ಸ್ವಲ್ಪ ಜಾಸ್ತಿ ಕೊಡುವುದು ಲಾಭ.

ಹೆಸರುವಾಸಿ ಬ್ರ್ಯಾಂಡ್‌ಗಳ ನಕಲಿ ಚೈನುಗಳೂ ಮಾರುಕಟ್ಟೆಯಲ್ಲಿವೆ. ಪೆಟ್ಟಿಗೆಯ ಅಂದ ನೋಡಿ ನಂಬಬೇಡಿ. ಮನೆಗೆ ತಂದ ಮೇಲೆ, ಹಾಕುವ ಮೊದಲೇ, ಅದನ್ನೂ ಅಳೆಯಿರಿ. ಹೊಸ ಚೈನಿನಲ್ಲಿ 24 ಲಿಂಕು 12 ಇಂಚಿನ ಗೆರೆಗೇ ಬರಬೇಕು. ಆಮೇಲೆ ಒಂದೊಂದೇ ಲಿಂಕನ್ನು ಬೆರಳಲ್ಲಿ ಮಡಚಿ ನೋಡಿ. ಬಿಗಿಯಾಗಿ ಸಿಕ್ಕಿಕೊಂಡಿರುವ ಲಿಂಕು ಇರಬಾರದು. ಪಿನ್ನುಗಳು ಎರಡೂ ಕಡೆ ಒಂದೇ ಮಟ್ಟಕ್ಕೆ ಇರಬೇಕು. ಒಂದು ಪಿನ್ನು ಒಂದು ಕಡೆ ಹೆಚ್ಚು ಚಾಚಿದ್ದರೂ ಆ ಚೈನನ್ನು ವಾಪಸ್ ಮಾಡಿ.

ಫ್ರೀವೀಲ್: ಅಗ್ಗದ ಸಾಮಾನನ್ನು ನೆಮ್ಮದಿಯಾಗಿ ಹಾಕಿ ನೋಡಬಹುದಾದ ಜಾಗ ಇದು. ಶಿಮಾನೊ ಟೂರ್ನಿ ಸಾಲಿನ 7 ಗೇರಿನ ಫ್ರೀವೀಲ್‌ನಲ್ಲಿ 14ರಿಂದ 28 ಹಲ್ಲಿನದು ಮಾಮೂಲಿ. ತೈವಾನಿನ ಸನ್‌ರೇಸ್ ಕೂಡ ಇಂಥವನ್ನು ಮಾಡುತ್ತದೆ. ಕೈಯಲ್ಲಿ ತಿರುಗಿಸಿದಾಗ ಅಗ್ಗದ ಫ್ರೀವೀಲ್ ಸ್ವಲ್ಪ ಅಕ್ಕಪಕ್ಕ ತೂಗಾಡುತ್ತದೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಒಳಗೆ ‘ಟಿಕ್ ಟಿಕ್’ ಸದ್ದು ಒಂದೇ ಸಮ ಬರಬೇಕು. ಎಲ್ಲೋ ಒಂದು ಕಡೆ ಸದ್ದು ತಪ್ಪಿದರೆ, ಇಲ್ಲವೇ ಮುಂದಕ್ಕೆ ತಿರುಗಿಸಿದಾಗ ಹಿಡಿಯದೆ ಜಾರಿದರೆ ತಗೋಬೇಡಿ. ಪೆಡಲ್ ಮೇಲೆ ನಿಂತು ತುಳಿಯುವಾಗ ಅದು ಜಾರಿದರೆ ಮುಖ ಅಡಿಯಾಗಿ ಬೀಳುತ್ತೀರಿ.

ನಂದಿ ಬೆಟ್ಟವೋ ಚಾಮುಂಡಿ ಬೆಟ್ಟವೋ ಏರುವ ಆಸೆ ಇದ್ದರೆ 14-34 ಫ್ರೀವೀಲ್ ಒಳ್ಳೆಯ, ಕಡಿಮೆ ಖರ್ಚಿನ ಉಪಾಯ. ಮುಂದೆ 24 ಹಲ್ಲು ಇದ್ದು ಹಿಂದೆ 28 ಇದ್ದರೆ ಒಂದು ಸುತ್ತು ತುಳಿದಾಗ ಚಕ್ರ 0.86 ಸುತ್ತು ಹೋಗುತ್ತದೆ. 34 ಹಾಕಿದರೆ 0.71. ಕಾಲಿಗೆ ಇದು ಚೆನ್ನಾಗಿ ಗೊತ್ತಾಗುವ ವ್ಯತ್ಯಾಸ. ಆದರೆ ಇಂಥ ಫ್ರೀವೀಲ್‌ನಲ್ಲಿ ಹಲ್ಲುಗಳು 14, 16, 18, 20, 22, 24 ಎಂದು ಹೋಗಿ ಒಮ್ಮೆಲೇ 34ಕ್ಕೆ ಹಾರುತ್ತವೆ. ಕೊನೆಯ ಗೇರು ಹತ್ತುವ ಏರಿಗೆ ಮಾತ್ರ ಎಂದುಕೊಂಡರೆ ಬೇಸರವಾಗದು.

ಡಿರೇಲರ್: ಇಲ್ಲೊಂದು ಒಳ್ಳೆಯ ಸುದ್ದಿ ಇದೆ. ಶಿಮಾನೊದ 6ರಿಂದ 9 ಗೇರಿನ ಹಿಂದಿನ ಡಿರೇಲರ್‌ಗಳು, ಕೆಲವು ಹಳೆಯವನ್ನು ಬಿಟ್ಟರೆ, ಕೇಬಲ್ ಎಳೆತಕ್ಕೆ ಒಂದೇ ಲೆಕ್ಕದಲ್ಲಿ ಅಲುಗುತ್ತವೆ. ಎಷ್ಟು ಗೇರು ಎಂದು ತೀರ್ಮಾನಿಸುವುದು ಶಿಫ್ಟರ್, ಡಿರೇಲರ್ ಅಲ್ಲ. ಹಾಗಾಗಿ 7 ಗೇರಿನ ಸೈಕಲ್‌ಗೆ 8 ಗೇರಿನ ಆಲ್ಟಸ್ ಡಿರೇಲರ್ ಹಾಕಿದರೂ ನಡೆಯುತ್ತದೆ. ಆದರೆ ಬ್ರ್ಯಾಂಡ್ ಬದಲಾದರೆ ಈ ಮಾತು ನಿಲ್ಲುವುದಿಲ್ಲ. ಅಮೆರಿಕದ ಸ್ರ್ಯಾಮ್‌ನ ಹಲವು ಡಿರೇಲರ್‌ಗಳಿಗೆ ಬೇರೆ ಲೆಕ್ಕ. ತೈವಾನಿನ ಮೈಕ್ರೋಶಿಫ್ಟ್‌ನ ಅಡ್ವೆಂಟ್ ಎಕ್ಸ್‌ಗೆ ಅದರದ್ದೇ ಶಿಫ್ಟರ್ ಬೇಕು. ಚೀನಾದ ಎಲ್‌ಟೂ, ಸೆನ್ಸಾ ಮುಂತಾದವನ್ನು ಹಾಕಿ ನೋಡುವ ಮನಸ್ಸಿದ್ದರೆ ಶಿಫ್ಟರ್, ಡಿರೇಲರ್ ಎರಡನ್ನೂ ಒಂದೇ ಕಂಪನಿಯ, ಒಂದೇ ಸಾಲಿನ ಜೋಡಿಯಾಗಿ ಕೊಳ್ಳಿ. ಒಂದನ್ನು ಮಾತ್ರ ತಂದು ಹಳೆಯದಕ್ಕೆ ಹೊಂದಿಸಲು ಹೋಗಬೇಡಿ.

ಡಿರೇಲರ್ ಎಷ್ಟು ಚೈನಿನ ಸಡಿಲವನ್ನು ಎಳೆದು ಹಿಡಿಯಬಲ್ಲದು ಎಂಬುದಕ್ಕೂ ಮಿತಿ ಇದೆ. ಲೆಕ್ಕ ಹೀಗೆ: ಪೆಡಲ್ ಹತ್ತಿರ ಮುಂದಿರುವ ದೊಡ್ಡ ಚೈನ್‌ವೀಲ್‌ನ ಹಲ್ಲಿನ ಸಂಖ್ಯೆಯಿಂದ ಚಿಕ್ಕದರದ್ದನ್ನು ಕಳೆಯಿರಿ, ಹಿಂದಿನ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ, ಎರಡನ್ನೂ ಕೂಡಿಸಿ. ಮುಂದೆ 42-34-24, ಹಿಂದೆ 14-28 ಇದ್ದರೆ 18 ಮತ್ತು 14, ಒಟ್ಟು 32. ಅದೇ 14-34 ಹಾಕಿದರೆ 38. ಹೊಸ ಡಿರೇಲರ್‌ನ ಸಾಮರ್ಥ್ಯ ಇದಕ್ಕಿಂತ ಕಡಿಮೆ ಇರಬಾರದು. ಅದು ಒಪ್ಪುವ ಅತಿ ದೊಡ್ಡ ಸ್ಪ್ರಾಕೆಟ್ ಎಷ್ಟು ಹಲ್ಲಿನದು ಎಂಬುದನ್ನೂ ನೋಡಿ.

ಎಲ್ಲಿ ಉಳಿಸಬಾರದು? ಕ್ರ್ಯಾಂಕ್ ತೋಳು (ಪೆಡಲ್ ಕೂರುವ ತೋಳು), ಪೆಡಲ್ ಆಕ್ಸಲ್ ಮತ್ತು ಚೈನು ಜೋಡಿಸುವ ಕ್ವಿಕ್ ಲಿಂಕ್. ಇವು ಮುರಿದರೆ ನೇರವಾಗಿ ನೀವೇ ಬೀಳುತ್ತೀರಿ. ಹೆಸರಿಲ್ಲದ ಡಿರೇಲರ್ ಕೆಟ್ಟರೆ ಹೆಚ್ಚೆಂದರೆ ಒಂದೇ ಗೇರಿನಲ್ಲಿ ಮನೆ ಸೇರಬಹುದು. ಹೆಸರಿಲ್ಲದ ಕ್ರ್ಯಾಂಕ್ ವಿಷಯದಲ್ಲಿ ಆ ಧೈರ್ಯ ಬೇಡ.

ಹಂತ 5: ಫ್ರೀವೀಲ್ ಬಿಚ್ಚುವುದು, ಹಾಕುವುದು

ಫ್ರೀವೀಲ್ ಹಬ್‌ಗೆ, ಅಂದರೆ ಚಕ್ರದ ನಡುಗುಂಬಕ್ಕೆ, ಥ್ರೆಡ್ ಮೇಲೆ ಕೂತಿರುತ್ತದೆ. ನೀವು ತುಳಿದಷ್ಟೂ ಅದು ಬಿಗಿಯಾಗುತ್ತಾ ಹೋಗುತ್ತದೆ. ಹಾಗಾಗಿ ಬಿಚ್ಚಲು ತುಂಬಾ ಬಲ ಬೇಕು. ಅದರ ಕಚ್ಚಿಗೆ ಸರಿಹೊಂದುವ ಫ್ರೀವೀಲ್ ರಿಮೂವರ್ ಇಟ್ಟು, ಆಕ್ಸಲ್ ನಟ್ಟಿನಿಂದ ಮೆಲ್ಲಗೆ ಒತ್ತಿ ಹಿಡಿಸಿ. ಇಲ್ಲದಿದ್ದರೆ ಟೂಲ್ ಜಾರಿ ಕಚ್ಚು ಹಾಳಾಗುತ್ತದೆ. ದೊಡ್ಡ ಪಾನಾದಿಂದ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿ. ವೈಸ್ ಇದ್ದರೆ ಇನ್ನೂ ಸುಲಭ: ಟೂಲನ್ನು ವೈಸ್‌ನಲ್ಲಿ ಕಚ್ಚಿಸಿ, ಚಕ್ರವನ್ನೇ ಎರಡು ಕೈಯಲ್ಲಿ ಹಿಡಿದು ತಿರುಗಿಸಿ. ಒಮ್ಮೆ ಸಡಿಲವಾದ ಕೂಡಲೇ ಆಕ್ಸಲ್ ನಟ್ಟು ಬಿಚ್ಚಿಬಿಡಿ. ಎರಡೂ ಇಲ್ಲವೆಂದರೆ ಚಕ್ರವನ್ನಷ್ಟೇ ಬಿಚ್ಚಿ ಸೈಕಲ್ ಶಾಪಿಗೆ ಕೊಂಡೊಯ್ಯಿರಿ. ಈ ಒಂದು ಕೆಲಸಕ್ಕೆ ಮೆಕ್ಯಾನಿಕ್‌ಗೆ ಕೊಡುವ ದುಡ್ಡು ದಂಡವಲ್ಲ.

ಹೊಸದನ್ನು ಹಾಕುವಾಗ ಅವಸರ ಬೇಡವೇ ಬೇಡ. ಹಬ್ ಹೆಚ್ಚಾಗಿ ಅಲ್ಯೂಮಿನಿಯಂದು, ಫ್ರೀವೀಲ್ ಉಕ್ಕಿನದು. ಥ್ರೆಡ್ ಅಡ್ಡ ಕೂತರೆ ಹಬ್ ಹೋಯಿತು, ಅಂದರೆ ಚಕ್ರವೇ ಹೋಯಿತು. ಥ್ರೆಡ್ ಒರೆಸಿ, ಗ್ರೀಸ್ ಹಚ್ಚಿ. ಮೊದಲು ಫ್ರೀವೀಲನ್ನು ಹಿಂದಕ್ಕೆ ಮೆಲ್ಲಗೆ ತಿರುಗಿಸಿ. ಥ್ರೆಡ್ಡಿನ ತುದಿಗಳು ಸೇರಿ ‘ಟಕ್’ ಎಂದು ಕೂತಂತೆ ಕೈಗೆ ತಿಳಿಯುತ್ತದೆ. ಆಗ ಮುಂದಕ್ಕೆ ತಿರುಗಿಸಿ. ಕೈಯಿಂದಲೇ ಕೊನೆಯ ತನಕ ಹೋಗಬೇಕು. ಪಾನಾ ಹಾಕಿ ಬಿಗಿಸುವ ಅಗತ್ಯವಿಲ್ಲ, ಪೆಡಲ್ ತುಳಿದಾಗ ತಾನೇ ಬಿಗಿಯಾಗುತ್ತದೆ.

ಕ್ಯಾಸೆಟ್ ಆದರೆ ಲಾಕ್‌ರಿಂಗ್ ಟೂಲ್ ಮತ್ತು ಹಲ್ಲು ಹಿಡಿದುಕೊಳ್ಳಲು ಚೈನ್ ವಿಪ್ ಬೇಕು. ಗಟ್ಟಿ ಮರದ ಪಟ್ಟಿಗೆ ಹಳೆಯ ಚೈನಿನ ತುಂಡೊಂದನ್ನು ಬೋಲ್ಟ್ ಹಾಕಿ ಕೂರಿಸಿದರೆ ಅದೇ ಚೈನ್ ವಿಪ್. ಲಾಕ್‌ರಿಂಗ್ ಮಾತ್ರ ಬಿಗಿಯಾಗಿ ಕೂರಬೇಕು. ಅದರ ಮೇಲೇ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಎಂದು ಬರೆದಿರುತ್ತದೆ.

ಹಂತ 6: ಚೈನಿನ ಉದ್ದ

ಗೇರಿನ ಹಲ್ಲುಗಳ ಸಂಖ್ಯೆ ಬದಲಾಗದಿದ್ದರೆ ಹಳೆಯ ಚೈನಿನ ಲಿಂಕುಗಳನ್ನು ಎಣಿಸಿ, ಅಷ್ಟೇ ಲಿಂಕು ಇಡಿ. ಎರಡನ್ನೂ ಪಕ್ಕಪಕ್ಕ ಹಿಡಿದು ಉದ್ದ ನೋಡಿ ಕತ್ತರಿಸಬೇಡಿ, ಹಳೆಯದು ಸವೆದು ಉದ್ದವಾಗಿರುತ್ತದೆ. 28ರಿಂದ 34ಕ್ಕೆ ಹೋಗಿದ್ದರೆ ಹೊಸದಾಗಿ ಅಳೆಯಬೇಕು. ಚೈನನ್ನು ಡಿರೇಲರ್ ಒಳಗೆ ತೂರಿಸದೆ, ಮುಂದಿನ ಅತಿ ದೊಡ್ಡ ಚೈನ್‌ವೀಲ್ ಮತ್ತು ಹಿಂದಿನ ಅತಿ ದೊಡ್ಡ ಸ್ಪ್ರಾಕೆಟ್ ಮೇಲೆ ಸುತ್ತಿ. ಬಿಗಿಯಾಗಿ ಸೇರುವ ಜಾಗದಿಂದ ಇನ್ನೂ ಎರಡು ಲಿಂಕು, ಅಂದರೆ ಒಂದು ಇಂಚು, ಹೆಚ್ಚಿಗೆ ಬಿಟ್ಟು ಕತ್ತರಿಸಿ. ಕ್ವಿಕ್ ಲಿಂಕ್ ಹಾಕುವುದಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಚಿಕ್ಕದಾಗಿ ಕತ್ತರಿಸಿದ ಚೈನು ದೊಡ್ಡ-ದೊಡ್ಡ ಗೇರಿನಲ್ಲಿ ಡಿರೇಲರನ್ನೇ ಹರಿದುಹಾಕಬಹುದು. ಉಳಿದ ತುಂಡನ್ನು ಇಟ್ಟುಕೊಳ್ಳಿ, ದಾರಿಯಲ್ಲಿ ಒಂದು ಲಿಂಕು ಮುರಿದಾಗ ಬೇಕಾಗುತ್ತದೆ.

ಹಂತ 7: ಹೊಂದಿಸುವುದು

ಕೇಬಲ್ ಕಟ್ಟುವ ಮೊದಲೇ ಡಿರೇಲರ್‌ನ ಎರಡು ಮಿತಿ ಸ್ಕ್ರೂ ಹೊಂದಿಸಿ. ‘ಎಚ್’ ಎಂದಿರುವುದು ಚಿಕ್ಕ ಸ್ಪ್ರಾಕೆಟ್ ಕಡೆಗೆ. ಮೇಲಿನ ಜಾಕಿ ವೀಲ್ ಚಿಕ್ಕ ಸ್ಪ್ರಾಕೆಟ್‌ನ ಸರಿ ಕೆಳಗೆ ಬರುವ ತನಕ ತಿರುಗಿಸಿ. ‘ಎಲ್’ ಎಂದಿರುವುದು ದೊಡ್ಡ ಸ್ಪ್ರಾಕೆಟ್ ಕಡೆಗೆ. ಪೆಡಲ್ ಮೆಲ್ಲಗೆ ತಿರುಗಿಸುತ್ತಾ ಡಿರೇಲರನ್ನು ಕೈಯಿಂದ ಒಳಕ್ಕೆ ತಳ್ಳಿ. ಜಾಕಿ ವೀಲ್ ದೊಡ್ಡ ಸ್ಪ್ರಾಕೆಟ್ ಕೆಳಗೇ ನಿಲ್ಲಬೇಕು, ಅದನ್ನು ದಾಟಿ ಕೂದಲಷ್ಟೂ ಸ್ಪೋಕ್ ಕಡೆ ಹೋಗಬಾರದು. ಇದರಲ್ಲಿ ಉದಾಸೀನ ಮಾಡಿದರೆ ಡಿರೇಲರ್ ಸ್ಪೋಕ್‌ಗೆ ಸಿಕ್ಕಿ ಚಕ್ರ ನಿಂತುಬಿಡುತ್ತದೆ.

ಈಗ ಶಿಫ್ಟರನ್ನು ಅತಿ ದೊಡ್ಡ ಸಂಖ್ಯೆಗೆ ತನ್ನಿ. ಕೇಬಲ್ ಬ್ಯಾರಲನ್ನು (ಕೇಬಲ್ ಬಿಗಿ ಹೊಂದಿಸುವ, ಕೈಯಲ್ಲಿ ತಿರುಗಿಸುವ ತಿರುಪನ್ನು) ಪೂರ್ತಿ ಒಳಗೆ ತಿರುಗಿಸಿ, ಒಂದು ಸುತ್ತು ಹೊರಗೆ ಬಿಡಿ. ತಂತಿಯನ್ನು ಕೈಯಿಂದ ಬಿಗಿಯಾಗಿ ಎಳೆದು ಬೋಲ್ಟ್ ಬಿಗಿಸಿ. ಒಂದು ಕ್ಲಿಕ್ ಕೊಡಿ. ಚೈನು ಪಕ್ಕದ ದೊಡ್ಡ ಸ್ಪ್ರಾಕೆಟ್‌ಗೆ ಏರಲು ತಡ ಮಾಡಿದರೆ ಬ್ಯಾರಲನ್ನು ಕಾಲು ಸುತ್ತು ಹೊರಗೆ ತಿರುಗಿಸಿ, ಕೇಬಲ್ ಬಿಗಿಯಾಗುತ್ತದೆ. ಇಳಿಯಲು ತಡ ಮಾಡಿದರೆ ಒಳಗೆ ತಿರುಗಿಸಿ. ಕೊನೆಗೆ ದೊಡ್ಡ ಸ್ಪ್ರಾಕೆಟ್‌ನಲ್ಲಿಟ್ಟು ಮೇಲಿನ ಜಾಕಿ ವೀಲ್ ಹಲ್ಲಿಗೆ ತಾಗುತ್ತಿಲ್ಲ ಎಂದು ನೋಡಿ. ನಡುವೆ ಸುಮಾರು 5-6 ಮಿ.ಮೀ. ಜಾಗ ಇರಲಿ. ಇದನ್ನು ಹೊಂದಿಸುವುದು ‘ಬಿ’ ಸ್ಕ್ರೂ. ಕೆಲವು ಅಗ್ಗದ ಡಿರೇಲರ್‌ಗಳಲ್ಲಿ ಈ ಸ್ಕ್ರೂ ಇರುವುದೇ ಇಲ್ಲ. ಅಂಥದ್ದನ್ನು 34 ಹಲ್ಲಿನ ಫ್ರೀವೀಲ್‌ಗೆ ಹಾಕುವ ಮೊದಲು ಜಾಗ ಸಾಕೇ ಎಂದು ಖಚಿತ ಮಾಡಿಕೊಳ್ಳಿ.

ಹಂತ 8: ಭಾರ ಕೊಟ್ಟು ನೋಡುವುದು

ಸ್ಟ್ಯಾಂಡ್ ಹಾಕಿ ಪೆಡಲ್ ತಿರುಗಿಸಿದಾಗ ಎಲ್ಲ ಗೇರೂ ಬಿದ್ದವು ಅಂದರೆ ಪರೀಕ್ಷೆ ಮುಗಿಯಲಿಲ್ಲ. ಸವೆದ ಹಲ್ಲು ಭಾರ ಬಿದ್ದಾಗ ಮಾತ್ರ ಚೈನನ್ನು ಬಿಡುತ್ತದೆ. ವಾಹನ ಇಲ್ಲದ ರಸ್ತೆಯಲ್ಲಿ, ಸೀಟಿನ ಮೇಲೆ ಕೂತೇ, ಒಂದೊಂದು ಗೇರಿನಲ್ಲೂ ಹಿಂದಿನ ಬ್ರೇಕನ್ನು ಅರ್ಧ ಹಿಡಿದು ಜೋರಾಗಿ ತುಳಿಯಿರಿ. ಎದ್ದು ನಿಂತು ತುಳಿಯಬೇಡಿ. ಯಾವ ಗೇರಿನಲ್ಲಿ ಹಾರುತ್ತದೆ ಎಂದು ಗುರುತಿಟ್ಟುಕೊಳ್ಳಿ. ಹಳೆಯ ಫ್ರೀವೀಲ್‌ಗೆ ಹೊಸ ಚೈನು ಹಾಕಿದ್ದಾಗ ನೀವು ಹೆಚ್ಚು ಬಳಸುವ ಒಂದೆರಡು ಗೇರಿನಲ್ಲಿ ಮಾತ್ರ ಹಾರಿದರೆ ಆ ಸ್ಪ್ರಾಕೆಟ್‌ಗಳು ಸವೆದಿವೆ. ಎಲ್ಲ ಗೇರಿನಲ್ಲೂ, ಪೆಡಲ್‌ನ ಲಯಕ್ಕೆ ಸಂಬಂಧವಿಲ್ಲದೆ ಆಗಾಗ ಒಂದು ಏಟು ಬಂದರೆ ಚೈನಿನಲ್ಲಿ ಒಂದು ಬಿಗಿ ಲಿಂಕು ಇದೆ. ಪೆಡಲನ್ನು ಹಿಂದಕ್ಕೆ ಮೆಲ್ಲಗೆ ತಿರುಗಿಸಿದರೆ ಅದು ಜಾಕಿ ವೀಲ್ ದಾಟುವಾಗ ಎದ್ದು ಕಾಣುತ್ತದೆ. ಆ ಲಿಂಕನ್ನು ಎರಡು ಕೈಯಲ್ಲಿ ಅಕ್ಕಪಕ್ಕ ಬಗ್ಗಿಸಿದರೆ ಸಡಿಲವಾಗುತ್ತದೆ.

ಇದಾದ ಮೇಲೆ ಚಿಕ್ಕ ಏರು ಹತ್ತಿ ನೋಡಿ. ಆಮೇಲೇ ದಿನದ ಓಡಾಟಕ್ಕೆ ಬಳಸಿ. ಮೊದಲ ಕೆಲವು ಸವಾರಿಗಳಲ್ಲಿ ಹೊಸ ಔಟರ್ ಕೂತುಕೊಂಡು ಕೇಬಲ್ ಸ್ವಲ್ಪ ಸಡಿಲವಾಗುತ್ತದೆ. ಬ್ಯಾರಲನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಇದನ್ನು ಡಿರೇಲರ್ ಕೆಟ್ಟಿತು ಎಂದು ತಿಳಿಯಬೇಡಿ.

ಅಗ್ಗದ್ದು ನಿಜಕ್ಕೂ ಲಾಭವಾಯಿತೇ ಎಂದು ತಿಳಿಯಲು

ಚೈನು ಹಾಕಿದ ದಿನಾಂಕ, ಬೆಲೆ, ಆಗಿನ ಅಳತೆ ಬರೆದಿಡಿ. ಸೈಕಲ್‌ಗೆ ಮೀಟರ್ ಇದ್ದರೆ ಅಥವಾ ಫೋನ್ ಆ್ಯಪ್ ಬಳಸುತ್ತಿದ್ದರೆ ಕಿಲೋಮೀಟರ್ ಕೂಡ. ತಿಂಗಳಿಗೊಮ್ಮೆ ಅಳೆಯಿರಿ, ಮಳೆಗಾಲದಲ್ಲಿ ಇನ್ನೂ ಬೇಗ. ಶೇ. 0.5 ಆದಾಗ ಬೆಲೆಯನ್ನು ಕಿಲೋಮೀಟರ್‌ನಿಂದ ಭಾಗಿಸಿ. ಎರಡು ಬ್ರ್ಯಾಂಡ್‌ಗಳ ಈ ಲೆಕ್ಕ ನಿಮ್ಮ ಹತ್ತಿರ ಇದ್ದರೆ ಮುಂದಿನ ಸಲ ಯಾರ ಸಲಹೆಯೂ ಬೇಕಿಲ್ಲ. ಬೆಂಗಳೂರಿನ ಡಾಂಬರು ರಸ್ತೆಯಲ್ಲಿ ಚೆನ್ನಾಗಿ ಬಾಳಿದ ಚೈನು ಚಿತ್ರದುರ್ಗದ ಧೂಳಿನಲ್ಲಿ ಅಷ್ಟೇ ಬಾಳುತ್ತದೆ ಎನ್ನುವಂತಿಲ್ಲ.

ಹೋಲಿಕೆ ನ್ಯಾಯವಾಗಿರಬೇಕಾದರೆ ಆರೈಕೆಯೂ ಒಂದೇ ಆಗಿರಬೇಕು. ಒಣ ಬಟ್ಟೆಯಿಂದ ಚೈನು ಒರೆಸಿ. ಪ್ರತಿ ರೋಲರ್ ಮೇಲೆ ಒಂದೊಂದು ಹನಿ ಚೈನ್ ಎಣ್ಣೆ ಬಿಡಿ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಎಣ್ಣೆ ಬೇಕಿರುವುದು ಕೀಲಿನ ಒಳಗೆ. ಹೊರಗೆ ಉಳಿದರೆ ಧೂಳು ಅಂಟಿ ಚೈನನ್ನು ಅರೆಯುತ್ತದೆ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬೇಡ.

ಎರಡು ಅಗ್ಗದ ಚೈನನ್ನು ಒಟ್ಟಿಗೆ ಕೊಂಡು, ಒಂದೇ ಫ್ರೀವೀಲ್ ಮೇಲೆ ಸರದಿಯಂತೆ ಓಡಿಸುವುದೂ ಉಂಟು. ಒಂದನ್ನು ಬಿಚ್ಚಿ ತೊಳೆಯುವ ಹೊತ್ತಿಗೆ ಇನ್ನೊಂದು ಸೈಕಲ್ ಮೇಲಿರುತ್ತದೆ. ಎರಡೂ ಫ್ರೀವೀಲ್ ಜೊತೆಗೇ ಸಮನಾಗಿ ಸವೆಯುವುದರಿಂದ ಹೊಸ ಚೈನು, ಹಳೆ ಹಲ್ಲಿನ ಜಗಳ ಬರುವುದಿಲ್ಲ. ಇದಕ್ಕೆ ಕ್ವಿಕ್ ಲಿಂಕ್ ಬೇಕೇ ಬೇಕು. 7, 8 ಗೇರಿನ ಕ್ವಿಕ್ ಲಿಂಕ್‌ಗಳಲ್ಲಿ ಹಲವನ್ನು ಮತ್ತೆ ಮತ್ತೆ ಬಿಚ್ಚಿ ಹಾಕಬಹುದು. ತೆಳು ಚೈನಿನ ಕೆಲವು ಲಿಂಕ್‌ಗಳು ಒಂದೇ ಸಲದ ಬಳಕೆಗೆ, ಪೊಟ್ಟಣದ ಮೇಲೆ ಓದಿಕೊಳ್ಳಿ.

ಬಿಚ್ಚಿದ ಹಳೆಯ ಡಿರೇಲರ್ ಚೆನ್ನಾಗಿದ್ದು ತಪ್ಪು ಕೇಬಲ್‌ನದೇ ಎಂದು ಗೊತ್ತಾದರೆ ಅದನ್ನೇ ಮತ್ತೆ ಹಾಕಿ, ಹೊಸದನ್ನು ಪೆಟ್ಟಿಗೆಯಲ್ಲಿಡಿ. ಹಳೆಯದು ಕೆಟ್ಟಿದ್ದರೂ ಅದರ ಜಾಕಿ ವೀಲ್, ಮಿತಿ ಸ್ಕ್ರೂ, ಕೇಬಲ್ ಬೋಲ್ಟ್ ತೆಗೆದಿಟ್ಟುಕೊಳ್ಳಿ. ಸಣ್ಣ ಊರಿನ ಸೈಕಲ್ ಅಂಗಡಿಯಲ್ಲಿ ಇವು ಬಿಡಿಯಾಗಿ ಸಿಗುವುದು ಕಷ್ಟ.